ಮುರಿದ ರೊಟ್ಟಿಗಳ ಲೆಕ್ಕ

ನನಗೊಂದು ಚಟವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರು ಯಾವ ಬೆಲೆ ಹೇಳಿದರೂ ನಾನು ಅದನ್ನು ರೊಟ್ಟಿಗೆ ತಿರುಗಿಸಿ ನೋಡುತ್ತೇನೆ. ಬೆಟಗೇರಿಯಲ್ಲಿ ನನ್ನದೊಂದು ರೊಟ್ಟಿ ಮನೆ ಇದೆ. ಹಿಂದಿನ ಪಡಸಾಲೆಯಲ್ಲಿ ಐದು ಒಲೆ, ಐದು ಹೆಂಚು, ಐವರು ಹೆಂಗಸರು. ಅವರು ಬಡಿದ ಜೋಳದ ಕಡಕ್ ರೊಟ್ಟಿ ಗದಗಿನ ಖಾನಾವಳಿಗಳಿಗೂ ಹುಬ್ಬಳ್ಳಿಯ ಅಂಗಡಿಗಳಿಗೂ ಹೋಗುತ್ತದೆ. ಜೋಳ, ಕಟ್ಟಿಗೆ, ಕೂಲಿ, ಸಾಗಣೆ ಎಲ್ಲವನ್ನೂ ಕಳೆದರೆ ಒಂದು ರೊಟ್ಟಿಗೆ ನನಗೆ ಉಳಿಯುವುದು ಒಂದು ರೂಪಾಯಿ. ಆದ್ದರಿಂದ ನನ್ನ ಪಾಲಿಗೆ ರೂಪಾಯಿ ಎಂದರೆ ರೊಟ್ಟಿ. ಮೊಣಕಾಲಿನ ಡಾಕ್ಟರು ಐದುನೂರು ರೊಟ್ಟಿ ತೆಗೆದುಕೊಂಡು, ಇನ್ನು ಮೇಲೆ ಮೆಟ್ಟಿಲು ಹತ್ತಬೇಡಿ ಎಂದರು. ಅವರ ದವಾಖಾನೆ ಇರುವುದು ಎರಡನೆಯ ಮಹಡಿಯಲ್ಲಿ.

ಹೀಗೆ ತಿರುಗಿಸಿ ನೋಡುವುದರಿಂದ ಬದುಕು ಸ್ಪಷ್ಟವಾಗುತ್ತದೆ. ಸುಖವಾಗುತ್ತದೆ ಎಂದು ಮಾತ್ರ ಹೇಳಲಾರೆ. ನಮ್ಮ ಆಡಿಟರ್ ಸಾಹೇಬರು ವರ್ಷಕ್ಕೊಮ್ಮೆ ನನ್ನ ಲೆಕ್ಕಪತ್ರಕ್ಕೆ ರುಜು ಹಾಕುತ್ತಾರೆ. ಅದಕ್ಕೆ ಹನ್ನೆರಡು ಸಾವಿರ ರೊಟ್ಟಿ. ಆ ರುಜುವಿಗೆ ಬೇಕಾದ ಚೀಟಿಗಳನ್ನು ಬರೆದು, ಜೋಡಿಸಿ, ಗಣಕಯಂತ್ರಕ್ಕೆ ಊಡಿಸಲು ಸುನಂದಾ ಎಂಬ ಲೆಕ್ಕಗಾರ್ತಿ ತಿಂಗಳಿಗೆ ಎರಡು ಸಲ ಬರುತ್ತಾರೆ. ಅವರಿಗೆ ತಿಂಗಳಿಗೆ ಒಂದೂವರೆ ಸಾವಿರ ರೊಟ್ಟಿ. ವರ್ಷಕ್ಕೆ ಒಟ್ಟು ಮೂವತ್ತು ಸಾವಿರ. ಒಂದರ ಅಂಚಿಗೆ ಒಂದನ್ನು ತಾಗಿಸಿ ರಸ್ತೆಯ ಮೇಲೆ ಹಾಸುತ್ತ ಹೋದರೆ ಈ ರೊಟ್ಟಿಗಳು ಗದಗಿನಿಂದ ಲಕ್ಕುಂಡಿಯ ಅರ್ಧ ದಾರಿಯನ್ನು ದಾಟುತ್ತವೆ. ಒಂದು ಮಧ್ಯಾಹ್ನವಿಡೀ ಕುಳಿತು, ರೊಟ್ಟಿಯ ಅಡ್ಡಳತೆಯನ್ನು ಪಟ್ಟಿಯಿಂದ ಅಳೆದು, ನಾನೇ ಈ ಸತ್ಯವನ್ನು ಕಂಡುಹಿಡಿದೆ. ಆ ಮಧ್ಯಾಹ್ನ ಹುಬ್ಬಳ್ಳಿಗೆ ಹೋಗಬೇಕಾದ ಗಂಟು ನನ್ನ ಅಲಕ್ಷ್ಯದಿಂದ ಬಸ್ಸು ತಪ್ಪಿಸಿಕೊಂಡಿತು ಎಂಬುದು ಬೇರೆ ಮಾತು.

ನನ್ನನ್ನು ಏಳನೆಯ ಇಯತ್ತೆಗೆ ಶಾಲೆ ಬಿಡಿಸಿದರು. ಉಳಿದದ್ದನ್ನು ಗದಗಿನ ವಾಚನಾಲಯದ ಬೆಂಚಿನ ಮೇಲೆ ನಾನೇ ಓದಿಕೊಂಡೆ. ಮಾಸ್ತರರಿಲ್ಲದೆ ಕಲಿತವರಿಗೆ ಒಂದು ದೋಷ ಅಂಟಿಕೊಳ್ಳುತ್ತದೆ: ಕೇಳಿದ್ದನ್ನು ನಂಬುವ ಅಭ್ಯಾಸ ಅವರಲ್ಲಿ ಬೆಳೆಯುವುದೇ ಇಲ್ಲ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂದು ನೀವೂ ಕೇಳಿರಬಹುದು. ನಾನು ನೋಟುಪುಸ್ತಕ ಹಿಡಿದು ಎರಡು ದಿನ ಆ ಊರಿನ ಓಣಿಗಳಲ್ಲಿ ತಿರುಗಿದೆ. ನನ್ನ ಎಣಿಕೆ ಆ ಸಂಖ್ಯೆಗಿಂತ ಬಹಳ ಹಿಂದೆ ನಿಂತಿತು. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, "ಉಳಿದೂವು ನೆಲದಾಗ ಅದಾವ ಬಿಡ್ರಿ, ಹಿಡಕೊಂಡು ಬರ್ಕೋರಿ" ಎಂದು ಉಪದೇಶಿಸಿದರು. ಕಾಣದ ಬಾವಿಯನ್ನು ಎಣಿಕೆಗೆ ಸೇರಿಸುವ ಈ ಔದಾರ್ಯ ನಮ್ಮ ಆಡಿಟರ್ ಸಾಹೇಬರಿಗೆ ಇದ್ದಿದ್ದರೆ ನಾನು ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಇದೇ ಸಂಶಯ ನನ್ನ ರೊಟ್ಟಿ ಮನೆಯಲ್ಲಿಯೂ ಆಳುತ್ತದೆ. ಕಡಕ್ ರೊಟ್ಟಿಗೆ ಮುರಿಯುವುದು ಹುಟ್ಟುಗುಣ. ಆದ್ದರಿಂದ ನಮ್ಮ ವಹಿಯಲ್ಲಿ 'ಬಡಿದವು', 'ಕಳಿಸಿದವು' ಎಂಬ ಅಂಕಣಗಳ ಪಕ್ಕದಲ್ಲಿ 'ಮುರಿದವು' ಎಂಬುದೊಂದು ಅಂಕಣವಿದೆ. ಜಗತ್ತಿನ ಎಲ್ಲ ವ್ಯಾಪಾರಗಳಲ್ಲಿಯೂ ಸುಳ್ಳು ವಾಸಿಸುವುದು ಇಂಥ ಅಂಕಣದಲ್ಲಿಯೇ ಎಂಬುದು ನನ್ನ ಬಹುಕಾಲದ ಸಿದ್ಧಾಂತ. ಆದುದರಿಂದ ಒಂದು ನಿಯಮ ಮಾಡಿದ್ದೇನೆ: ಮುರಿದ ರೊಟ್ಟಿಯ ಚೂರುಗಳನ್ನು ಮೂಲೆಯ ಬುಟ್ಟಿಗೆ ಹಾಕಿ ನನಗೆ ತೋರಿಸಬೇಕು. ನಾನು ಚೂರುಗಳನ್ನು ಅಂಚಿಗೆ ಅಂಚು ಕೂಡಿಸಿ, ಎಷ್ಟು ರೊಟ್ಟಿಯಾದವು ಎಂದು ನೋಡಿ, ಆಮೇಲೆ ವಹಿಗೆ ರುಜು ಹಾಕುತ್ತೇನೆ. ಮೂರನೆಯ ಒಲೆಯ ನೀಲವ್ವ ಇದನ್ನು ಹೊಸದಾಗಿ ಬಂದವರಿಗೆ ವಿವರಿಸುವ ರೀತಿಯೇ ಬೇರೆ: "ನಮ್ಮ ಅಕ್ಕಾರ ಸತ್ತ ರೊಟ್ಟಿಗೂ ಪಂಚನಾಮಿ ಮಾಡ್ತಾರ."

ಈ ಐವರಲ್ಲಿ ಯಾರೂ ನನ್ನ ನೌಕರರಲ್ಲ. ನೂರು ರೊಟ್ಟಿಗೆ ಇಷ್ಟು ಎಂಬ ಕರಾರು. ಬಂದಷ್ಟು ದಿನ ಕೆಲಸ, ಬಡಿದಷ್ಟು ಕೂಲಿ. ಮನೆಯಲ್ಲಿ ಸೀಮಂತವಿದ್ದರೆ ಬರುವುದಿಲ್ಲ; ಹೊಲದಲ್ಲಿ ಹೆಸರು ಬಿಡಿಸುವುದಿದ್ದರೆ ಬರುವುದಿಲ್ಲ; ನನ್ನ ಮಾತು ಜೋರಾಗಿದ್ದರೂ ಬರುವುದಿಲ್ಲ. ಇಂಥವರನ್ನು ಲೆಕ್ಕದೊಳಗೆ ಹಿಡಿದಿಡಬೇಕೆಂದು ಸುನಂದಾ ಪ್ರತಿಯೊಬ್ಬರಿಗೂ ಒಂದೊಂದು ಹಾಳೆ ಮಾಡಿದರು. ಹೆಸರು, ಊರು, ವಯಸ್ಸು, ಗುರುತಿನ ಚೀಟಿಯ ನಂಬರು, ಒಂದು ಭಾವಚಿತ್ರ. ಆ ಹಾಳೆಗಳನ್ನು ನೋಡಿದಾಗ ನನಗೆ ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯದಲ್ಲಿ ಪಂಜರಗಳ ಮುಂದೆ ನೆಟ್ಟ ಫಲಕಗಳು ನೆನಪಾದವು. ಆಹಾರ ಯಾವುದು ಎಂಬುದೊಂದನ್ನು ಮಾತ್ರ ಸುನಂದಾ ಕೇಳಿರಲಿಲ್ಲ. ಹಾಗೆಂದು ನಾನು ಅಂದಾಗ ಅವರು ತಲೆ ಎತ್ತದೆ, "ಅದನ್ನೂ ಕೇಳ್ತಿದ್ದೆ, ಜಾಗಾ ಸಾಲಲಿಲ್ರಿ" ಎಂದರು. ಸುನಂದಾ ಹಾಸ್ಯ ಮಾಡಿದ್ದಾರೋ ಇಲ್ಲವೋ ಎಂಬುದು ಅವರ ಮುಖದಿಂದ ಎಂದೂ ತಿಳಿಯುವುದಿಲ್ಲ. ಮೂವತ್ತೈದರ ಆಚೀಚಿನ ಹೆಂಗಸು, ಒಂದು ಸ್ಕೂಟರು, ಐದು ಅಂಗಡಿಗಳ ಲೆಕ್ಕ. ಅಂದರೆ ಅವರೂ ಯಾರ ನೌಕರರಲ್ಲ. ಈ ಅಂಶ ಆಗ ನನ್ನ ಗಮನಕ್ಕೆ ಬರಬೇಕಿತ್ತು, ಬರಲಿಲ್ಲ.

ಗಲಾಟೆ ಶುರುವಾದದ್ದು ಒಂದು ಹೆಬ್ಬೆಟ್ಟಿನಿಂದ. ಕೂಲಿ ಚೀಟಿಗಳನ್ನು ತಿರುವುತ್ತಿದ್ದ ಸುನಂದಾ ಒಂದು ಚೀಟಿಯನ್ನು ಬೆಳಕಿಗೆ ಹಿಡಿದು ಕೇಳಿದರು:

"ಅಕ್ಕಾರ, ಈ ಫಕ್ಕೀರವ್ವ ಹೋದ ತಿಂಗಳ ಮಟಾ ಚೆಂದಾಗಿ ರುಜು ಮಾಡ್ತಿದ್ಲು. ಈ ತಿಂಗಳ ಹೆಬ್ಬಟ್ಟು ಒತ್ಯಾಳ. ಒಮ್ಮಿಗೇ ಅಕ್ಷರ ಮರತ್ಲೇನ್ರಿ?"

ಐದನೆಯ ಒಲೆಯ ಫಕ್ಕೀರವ್ವ ಆ ಹೊತ್ತಿಗೆ ಶಿರಹಟ್ಟಿಯಲ್ಲಿದ್ದಳು. ಮಗಳ ಚೊಚ್ಚಲ ಹೆರಿಗೆ. ನಲವತ್ತು ದಿನದ ಬಾಣಂತನ. ಹೋಗುವಾಗ ನನಗೆ ಹೇಳಿಯೇ ಹೋಗಿದ್ದಳು. ಹಾಗಿದ್ದೂ ಅವಳ ಹೆಸರಿನಲ್ಲಿ ದಿನಕ್ಕೆ ನೂರು ರೊಟ್ಟಿ ಬರುತ್ತಲೇ ಇತ್ತು. ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಅದು ನನ್ನ ಕಣ್ಣಿಗೆ ಮಾಡುವ ಅವಮಾನ. ಫಕ್ಕೀರವ್ವನ ರೊಟ್ಟಿಯ ಅಂಚು ಅರಳೆಲೆಯಂತೆ ತೆಳ್ಳಗೆ. ನೀಲವ್ವನ ರೊಟ್ಟಿಯ ನಡುವೆ ಅಂಗೈಯ ಬುಡದ ಒಂದು ತಗ್ಗು ಇದ್ದೇ ಇರುತ್ತದೆ. ಇಪ್ಪತ್ತು ದಿನಗಳಿಂದ ಫಕ್ಕೀರವ್ವನ ಗಂಟಿನ ರೊಟ್ಟಿಗಳಲ್ಲಿ ನೀಲವ್ವನ ತಗ್ಗು ಕಾಣುತ್ತಿತ್ತು. ಎಲ್ಲವನ್ನೂ ಸಂಶಯಿಸುವ ನಾನು ಇದನ್ನು ಮಾತ್ರ ಸಂಶಯಿಸಲಿಲ್ಲ. ರೊಟ್ಟಿ ಸಮಯಕ್ಕೆ ಬರುತ್ತಿದ್ದವು, ಆದುದರಿಂದ ತತ್ವಜ್ಞಾನಕ್ಕೆ ಬಿಡುವು ಕೊಟ್ಟಿದ್ದೆ.

ನೀಲವ್ವನನ್ನು ಕರೆಸಿದೆ. ಅವಳು ಕೈಯ ಹಿಟ್ಟನ್ನೂ ತೊಳೆಯದೆ ಬಂದು ನಿಂತಳು.

"ಹೌದ್ರಿ, ನಾನs ಒತ್ತೇನಿ. ನನಗ ಸಹಿ ಬರಂಗಿಲ್ಲಲ್ರಿ."

"ಅಲ್ಲಬೇ, ಆಕಿ ಹೆಸರಿನ ಮ್ಯಾಲೆ ನಿನ್ನ ಹೆಬ್ಬಟ್ಟು ಯಾಕ ಒತ್ತಿದಿ?" ಎಂದು ಸುನಂದಾ ಕೇಳಿದರು.

"ಮತ್ತ ಯಾರದು ಒತ್ಲ್ಯಾ? ಹೋದ ವರ್ಷ ನಮ್ಮ ಮನ್ಯಾವರು ಮಗ್ಗದ ಕುಣ್ಯಾಗ ಬಿದ್ದು ಕಾಲ ಮುರಕೊಂಡಾಗ ನಲವತ್ತ ದಿನಾ ಆಕಿ ನನ್ನ ಪಾಲಿನ ರೊಟ್ಟಿ ಬಡದ್ಲು. ರೊಕ್ಕಾ ನನ್ನ ಕೈಯಾಗ ಇಟ್ಲು. ಈಗ ಆಕಿ ಪಾಲಿನವು ನಾ ಬಡ್ಯಾಕತ್ತೇನಿ. ಮುಯ್ಯಿ ಐತ್ರಿ ಅದು."

ಹೊಲದ ಕೆಲಸ ಗೊತ್ತಿದ್ದವರಿಗೆ ಮುಯ್ಯಿ ಹೊಸದಲ್ಲ. ಇಂದು ನಿಮ್ಮ ಹೊಲಕ್ಕೆ ನಾನು ಆಳಾಗಿ ಬಂದರೆ ನಾಳೆ ನನ್ನ ಹೊಲಕ್ಕೆ ನೀವು; ನಡುವೆ ಹಣದ ಮಾತಿಲ್ಲ. ನೀಲವ್ವ ಮತ್ತು ಫಕ್ಕೀರವ್ವ ಅದನ್ನು ಹೊಲದಿಂದ ಹೆಂಚಿನ ಮೇಲೆ ತಂದಿದ್ದರು, ಅಷ್ಟೇ. ಮುಯ್ಯಿ ಹಿಂದಿನವರ ಒಳ್ಳೆಯತನದ ಗುರುತು ಎಂದು ಭಾಷಣಗಳಲ್ಲಿ ಹೇಳುತ್ತಾರೆ. ನಾನು ಅದನ್ನೂ ನಂಬಿದವಳಲ್ಲ. ನಾನು ಕಂಡಂತೆ ಮುಯ್ಯಿಯಷ್ಟು ಕಟ್ಟುನಿಟ್ಟಾದ ಲೆಕ್ಕ ಇನ್ನೊಂದಿಲ್ಲ. ಒಂದು ದಿನದ ಕಳೆ ಕಿತ್ತದ್ದನ್ನು ಹದಿನೈದು ವರ್ಷ ನೆನಪಿಟ್ಟು, ಸೊಸೆಯ ಮೂಲಕ ತೀರಿಸಿದವರನ್ನು ನಾನು ಬಲ್ಲೆ. ವ್ಯತ್ಯಾಸವೆಂದರೆ ಆ ಲೆಕ್ಕಕ್ಕೆ ವಹಿ ಇಲ್ಲ, ಆಡಿಟರ್ ಇಲ್ಲ, ಹನ್ನೆರಡು ಸಾವಿರ ರೊಟ್ಟಿಯ ಖರ್ಚಿಲ್ಲ.

ಸುನಂದಾ ಮರುದಿನವೇ ವಿಷಯವನ್ನು ಆಡಿಟರ್ ಸಾಹೇಬರ ಮುಂದಿಟ್ಟರು. ಅವರು ಫೋನಿನಲ್ಲಿ ನನಗೆ ತಿಳಿಸಿದ್ದು ಸಂಕ್ಷಿಪ್ತವಾಗಿತ್ತು: ಇಲ್ಲದವರ ಹೆಸರಿನಲ್ಲಿ ಕೂಲಿ ಬರೆದರೆ ಅದು ಬೋಗಸ್. ಕೆಲಸ ಮಾಡಿದವಳಿಗೆ ಕೊಡಿ, ಮಾಡದವಳ ಹೆಸರು ತೆಗೆಯಿರಿ. ಇಲ್ಲವಾದರೆ ರುಜು ಇಲ್ಲ. ನ್ಯಾಯವಾದ ಮಾತು. ಅದರಲ್ಲಿದ್ದ ಒಂದೇ ದೋಷವೆಂದರೆ ಅದರ ಪ್ರಕಾರ ನಡೆದರೆ ಅನ್ಯಾಯವಾಗುತ್ತಿತ್ತು.

ಕೆಲಸ ಮಾಡಿದವಳಿಗೆ ಕೊಡೋಣವೆಂದು ನೀಲವ್ವನ ಮುಂದೆ ಹಣ ಹಿಡಿದೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. "ನಾ ತಗೊಂಡ್ರ ಅದು ಕೂಲಿ ಆತ್ರಿ, ಮುಯ್ಯಿ ಹಂಗs ಉಳೀತು. ಇನ್ನೊಮ್ಮೆ ನಲವತ್ತ ದಿನಾ ಯಾರ ಬಡೀಬೇಕು? ನನ್ನ ಕೈ ರಟ್ಟಿ ಕೇಳಿ ಕೊಡ್ರಿ." ಹಾಗಾದರೆ ಫಕ್ಕೀರವ್ವನಿಗೆ ನನ್ನ ಕೈಯಿಂದಲೇ ಕೊಟ್ಟುಬಿಡಲೇ ಎಂದು ಒಂದು ಕ್ಷಣ ಉದಾರಳಾದೆ. ಆದರೆ ರೊಟ್ಟಿಗೆ ತಿರುಗಿಸಿ ನೋಡಿದಾಗ ಆ ಔದಾರ್ಯ ಕೆಲವು ಸಾವಿರ ದಾಟಿತು. ನಾನು ಮತ್ತೆ ಮೊದಲಿನವಳಾದೆ.

ಸುನಂದಾರ ಮುಂದಿನ ಭೇಟಿಯೊಳಗೆ ಹೆಸರು ತೆಗೆಯಬೇಕಿತ್ತು. ಆ ನಡುವೆ ಒಂದು ಸಂಜೆ ಶಿರಹಟ್ಟಿಯಿಂದ ಫೋನು ಬಂತು. ಹಿನ್ನೆಲೆಯಲ್ಲಿ ಕೂಸು ಅಳುತ್ತಿತ್ತು.

"ಅಕ್ಕಾರ, ನನ್ನ ಒಲಿ ಯಾರಿಗರ ಕೊಟ್ರೇನ್ರಿ?"

"ಯಾರು ಅಂದ್ರು ನಿನಗ?"

"ಯಾರೂ ಅಂದಿಲ್ರಿ. ಕೇಳಿದೆ ಅಷ್ಟ. ಅಳಿಯಾ ಟೆಂಪೋ ಹೊಡಿತಾನ, ಗಾಡಿ ಗ್ಯಾರೇಜಿನಾಗ ಐತಿ. ಬಾಣಂತಿಗೆ ತುಪ್ಪಾ ಉತ್ತತ್ತಿ ಎಲ್ಲಾ ನನ್ನ ಕೂಲಿ ಮ್ಯಾಲ ನಡದೈತ್ರಿ. ಕೂಲಿ ನಿಂತ್ರೂ ನಿಲ್ಲಲಿ, ಒಲಿ ಮಾತ್ರ ಇರಲ್ರಿ. ನಲವತ್ತ ದಿನಾ ಮುಗಿದ ಮರುದಿನಾನs ಬರ್ತೀನಿ."

"ಕೂಸು ಗಂಡೋ ಹೆಣ್ಣೋ?" ಎಂದು ಕೇಳಿದೆ. ಬೇರೆ ಏನು ಹೇಳಬೇಕೆಂದು ತಿಳಿಯದಿದ್ದಾಗ ಮನುಷ್ಯರು ಕೇಳುವ ಪ್ರಶ್ನೆ ಅದು. ಹೆಣ್ಣು ಎಂದಳು, ಕೈ ನೋಡಿದರೆ ರೊಟ್ಟಿ ಚೆನ್ನಾಗಿ ಬಡಿಯುವಂತೆ ಕಾಣುತ್ತದೆ ಎಂದಳು.

ಆ ರಾತ್ರಿ ಎನ್ನುವುದು ಬೇಡ, ಮರುದಿನ ಬೆಳಿಗ್ಗೆ ಎನ್ನೋಣ, ನನಗೆ ಲಕ್ಕುಂಡಿಯ ಒಂದು ಕಂಬ ನೆನಪಾಯಿತು. ಅಲ್ಲಿಯ ಗುಡಿಯೊಂದರಲ್ಲಿ ಕಡೆದು ನುಣುಪು ಮಾಡಿದ ಕಂಬಗಳ ಸಾಲಿನಲ್ಲಿ ಒಂದರ ಮಣಿಸಾಲು ಅರ್ಧದವರೆಗೆ ಒಂದು ಬಗೆ, ಅರ್ಧದಿಂದ ಮೇಲಕ್ಕೆ ಇನ್ನೊಂದು ಬಗೆ. ದೃಷ್ಟಿ ತಾಗಬಾರದೆಂದು ಶಿಲ್ಪಿ ಬೇಕೆಂದೇ ಹೀಗೆ ಬಿಟ್ಟ ಎಂದು ತೋರಿಸುವವರು ಹೇಳುತ್ತಾರೆ. ನಾನು ಆಗಲೂ ಒಪ್ಪಿರಲಿಲ್ಲ. ಈಗಂತೂ ನನಗೆ ಕಾರಣ ಸಿಕ್ಕಿತು. ಆ ಶಿಲ್ಪಿಯ ಮಗಳೂ ಯಾವುದೋ ಊರಿನಲ್ಲಿ ಹಡೆದಿರಬೇಕು. ಪಕ್ಕದ ಕಂಬದವನು ಉಳಿದ ಅರ್ಧವನ್ನು ಕಡೆದಿರಬೇಕು. ಸಾವಿರ ವರ್ಷದ ಹಿಂದೆ ಅಲ್ಲಿ ಆಡಿಟರ್ ಇರಲಿಲ್ಲವಾದ್ದರಿಂದ ಗುಡಿ ಪೂರ್ತಿಯಾಗಿದೆ. ಈ ಸಂಶೋಧನೆಗೆ ಆಧಾರವೇನು ಎಂದು ಕೇಳಬೇಡಿ. ನೂರೊಂದು ಬಾವಿಗೆ ಇದ್ದಷ್ಟು ಆಧಾರ ಇದಕ್ಕೂ ಇದೆ.

ಸುನಂದಾ ಬರುವ ದಿನ ಬಂತು. ಅವರನ್ನು ಎದುರಿಸಲು ತಯಾರಿ ಬೇಕಲ್ಲ, ಹಿಂದಿನ ತಿಂಗಳ ಚೀಟಿಗಳ ಪೆಟ್ಟಿಗೆಯನ್ನು ತೆಗೆದು ಕುಳಿತೆ. ಸುನಂದಾ ನಮ್ಮ ಚೀಟಿಗಳನ್ನು ಮನೆಗೆ ಒಯ್ದು, ಕೆಲಸ ಮುಗಿಸಿ, ಕಟ್ಟು ಮಾಡಿ ಮರಳಿಸುತ್ತಾರೆ. ಕಟ್ಟಿನ ಎಡ ಮೂಲೆಯಲ್ಲಿ ಚುಚ್ಚಿದ ಟಾಚಣಿ, ಮೊತ್ತದ ಕೆಳಗೆ ಪಟ್ಟಿ ಇಟ್ಟು ಎಳೆದ ಎರಡು ಗೆರೆ. ಇದು ಅವರ ಕೈ. ಆದರೆ ಒಂದು ಕಟ್ಟಿನ ಟಾಚಣಿ ಬಲ ಮೂಲೆಯಲ್ಲಿತ್ತು. ಗೆರೆಗಳು ಪಟ್ಟಿಯಿಲ್ಲದೆ ಎಳೆದವು, ಸ್ವಲ್ಪ ಅಲೆಯಂತಿದ್ದವು. ರೊಟ್ಟಿಯ ತಗ್ಗು ನೋಡಿ ಬಡಿದವಳನ್ನು ಹೇಳುವ ನನಗೆ ಇದು ಎಷ್ಟರ ಕೆಲಸ.

ಅವರು ಬಂದು, ಚಹಾ ಕುಡಿದು, ಫಕ್ಕೀರವ್ವನ ಹಾಳೆಯನ್ನು ಹೊರತೆಗೆದರು. ನಾನು ಆ ಕಟ್ಟನ್ನು ಅದರ ಮೇಲಿಟ್ಟೆ.

"ಬಾಯಾರ, ಇದು ನಿಮ್ಮ ಕೈ ಅಲ್ಲ."

ಸುನಂದಾ ಕಟ್ಟನ್ನು ನೋಡಿದರು. ನನ್ನನ್ನು ನೋಡಿದರು. "ಹೌದ್ರಿ," ಎಂದರು, "ಆ ವಾರ ಲಕ್ಷ್ಮೇಶ್ವರದಾಗ ನಮ್ಮತ್ತಿ ಕಣ್ಣಿನ ಆಪರೇಶನ್ ಇತ್ತು. ಎಂಟ ದಿನಾ ಅಲ್ಲೇ ದವಾಖಾನ್ಯಾಗ ಕುಂತಿದ್ದೆ. ನಮ್ಮ ಓಣ್ಯಾಗ ಗೀತಾ ಅಂತ ಅದಾಳ, ಆಕಿನೂ ಲೆಕ್ಕಾ ಬರೀತಾಳ. ಆಕಿ ಮಾಡಿಕೊಟ್ಲು. ಎಲ್ಲಾ ಬರೋಬ್ಬರಿ ಐತಿ, ನಾ ಮತ್ತೊಮ್ಮೆ ನೋಡೇನಿ."

"ಆಕಿಗೆ ರೊಕ್ಕ?"

"ಆಕಿ ಮುಟ್ಟಲಿಲ್ರಿ. ಶ್ರಾವಣದಾಗ ಆಕಿ ತಮ್ಮನ ಮದುವಿ ಐತಿ, ಆಗ ಆಕಿ ಅಂಗಡಿಗೋಳು ನಾ ನೋಡ್ತೇನಿ."

"ಬಿಲ್ಲು ಮಾತ್ರ ನಿಮ್ಮ ಹೆಸರಿಲೆ ಬಂದೈತಿ."

ಒಳಗಿನಿಂದ ರೊಟ್ಟಿ ಬಡಿಯುವ ನಾಲ್ಕು ಸದ್ದುಗಳು ಕೇಳುತ್ತಿದ್ದವು, ಈಗ ಮೂರಾದವು. ನೀಲವ್ವ ಕೈ ನಿಲ್ಲಿಸಿ ಕಿವಿ ಕೊಟ್ಟಿದ್ದಾಳೆಂದು ನನಗೆ ಗೊತ್ತಾಯಿತು. ಬೋಗಸ್ ಎಂಬ ಪದ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನಾನು ನುಂಗಿಕೊಂಡೆನೆಂದು ಬರೆದರೆ ನನ್ನ ಗುಣ ಚೆನ್ನಾಗಿ ಕಾಣುತ್ತದೆ. ಆದರೆ ನಾನು ಅದನ್ನು ಆಡಿದೆ, ಬಹಳ ಸಂತೋಷದಿಂದ ಆಡಿದೆ.

"ಇಷ್ಟ ವರ್ಷ ನಾ ಬರದ ಲೆಕ್ಕಕ್ಕ ಯಾರೂ ಆ ಮಾತ ಅಂದಿರಲಿಲ್ರಿ," ಎಂದರು ಸುನಂದಾ. ಆಮೇಲೆ ಫಕ್ಕೀರವ್ವನ ಹಾಳೆಯನ್ನು ಮಡಚಿಟ್ಟು ಒಳಗೆ ಕೂಗಿದರು: "ನೀಲವ್ವಾ, ಬಾ ಇಲ್ಲೆ. ಹೆಬ್ಬಟ್ಟು ತೊಳಕೊಂಡು ಬಾ."

ದಾರಿ ತೋರಿಸಿದವರು ಅವರೇ. ಐವರನ್ನೂ ಬಿಡಿಬಿಡಿಯಾಗಿ ಫಲಕಕ್ಕೆ ಏರಿಸುವುದು ಬೇಡ. ಐವರೂ ಸೇರಿ ಒಂದು ಗುಂಪಾಗಲಿ; ತಿಂಗಳಿಗೆ ಇಷ್ಟು ರೊಟ್ಟಿ ಬಡಿದು ಕೊಟ್ಟೆವೆಂದು ಗುಂಪು ನನಗೆ ಒಂದು ಬಿಲ್ಲು ಕೊಡಲಿ; ನಾನು ಗುಂಪಿಗೆ ಹಣ ಕೊಟ್ಟರೆ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು. ಯಾರ ಪಾಲಿನ ರೊಟ್ಟಿಯನ್ನು ಯಾರು ಬಡಿದರು, ಯಾರಿಗೆ ಎಷ್ಟು ಸಲ್ಲಬೇಕು ಎಂಬುದು ಅವರ ಮನೆಯ ಮಾತು. ಹೆಬ್ಬೆಟ್ಟಿನ ಚೀಟಿಗಳಿಗೆ ಅಡ್ಡಗೆರೆ ಎಳೆದು, ಆ ತಿಂಗಳಿಗೂ ಹೊಸ ಬಿಲ್ಲು ಬರೆಯಲಾಯಿತು. ಆಡಿಟರ್ ಸಾಹೇಬರು ಅದನ್ನು ನೋಡಿ, ಇದನ್ನು ಮೊದಲೇ ಮಾಡಬಾರದಿತ್ತೇ ಎಂದು ಕೇಳಿದರಂತೆ. ತಾವು ಮೊದಲೇ ಹೇಳಬಹುದಿತ್ತಲ್ಲ ಎಂದು ಯಾರೂ ಅವರನ್ನು ಕೇಳಲಿಲ್ಲ. ಶಿರಹಟ್ಟಿಗೆ ಫಕ್ಕೀರವ್ವನ ಪಾಲು ಮುಟ್ಟಿತು. ಐದನೆಯ ಒಲೆ ಐದನೆಯ ಒಲೆಯಾಗಿಯೇ ಉಳಿಯಿತು.

ತಿಂಗಳಿಗೆ ಅರವತ್ತು ಚೀಟಿ ಇದ್ದದ್ದು ಒಂದಾದ ಮೇಲೆ ನಾನು ಸುಮ್ಮನಿರಲಿಲ್ಲ. ಕೆಲಸ ಕಡಿಮೆಯಾಯಿತು, ಆದುದರಿಂದ ಒಂದೂವರೆ ಸಾವಿರ ರೊಟ್ಟಿಯಲ್ಲಿ ಎಷ್ಟು ಬಿಡುವಿರಿ ಎಂದು ಕೇಳಿದೆ. "ಕೆಲಸ ಕಡಿಮಿ ಆತ್ರಿ, ಆದ್ರ ತಲಿ ಖರ್ಚಾತಲ್ರಿ" ಎಂದರು ಸುನಂದಾ. ಕಡೆಗೆ ತಿಂಗಳಿಗೆ ಒಂದೇ ಭೇಟಿ ಸಾಕೆಂದು ಅವರೇ ಹೇಳಿ, ಅರ್ಧ ಬಿಟ್ಟರು. ಆಡಿಟರ್ ಸಾಹೇಬರ ಹನ್ನೆರಡು ಸಾವಿರ ಮಾತ್ರ ಲಕ್ಕುಂಡಿಯ ಕಂಬದಂತೆ ಕದಲದೆ ನಿಂತಿದೆ. ಹಾಗಿದ್ದರೂ ನನ್ನ ರೊಟ್ಟಿಗಳ ಸಾಲು ಈಗ ಲಕ್ಕುಂಡಿಯ ಅರ್ಧ ದಾರಿ ಮುಟ್ಟುವುದಿಲ್ಲ ಎಂಬ ಸಮಾಧಾನ ನನಗಿದೆ.

ಗುಂಪಿನ ಬಿಲ್ಲು ಪುಸ್ತಕ ಬರೆಯುವುದನ್ನು ಕಲಿಸಲು ಸುನಂದಾ ಮೂರು ಭಾನುವಾರ ಬಂದರು. ಅದಕ್ಕೆ ನನ್ನಿಂದಲೂ ಏನೂ ತೆಗೆದುಕೊಳ್ಳಲಿಲ್ಲ, ಆ ಹೆಂಗಸರಿಂದಲೂ ತೆಗೆದುಕೊಳ್ಳಲಿಲ್ಲ. ಮೂರನೆಯ ಭಾನುವಾರದ ಹೊತ್ತಿಗೆ ಫಕ್ಕೀರವ್ವ ಮರಳಿ ಬಂದಿದ್ದಳು. ಗುಂಪಿನ ಪರವಾಗಿ ರುಜು ಹಾಕುವವಳು ಅವಳೇ ಎಂದು ಐವರೂ ಗೊತ್ತುಮಾಡಿದರು. ತನ್ನ ಮೊದಲ ಬಿಲ್ಲಿಗೆ ಅವಳು ರುಜು ಹಾಕುವಾಗ ಪಕ್ಕದಲ್ಲಿ ಕುಳಿತ ನೀಲವ್ವ, "ನೋಡಿ ಹಾಕs, ಅಕ್ಷರ ಮರತಿಯೇನ ಅಂತ ಕೇಳೋರು ಇಲ್ಲೇ ಕುಂತಾರ" ಎಂದಳು. ಸುನಂದಾರ ಮುಖದಲ್ಲಿ ಅಂದೂ ಏನೂ ಕಾಣಲಿಲ್ಲ.

ಅದೇ ದಿನ ವಹಿ ಕೂಡಿಸುವಾಗ ಇಪ್ಪತ್ತೈದು ರೊಟ್ಟಿ ಕಡಿಮೆ ಬಿದ್ದವು. ಬಡಿದವು ಐದುನೂರು, ಗಂಟಿಗೆ ಬಂದವು ನಾಲ್ಕುನೂರ ಎಪ್ಪತ್ತೈದು. ನಾನು ಎದ್ದು ಮೂಲೆಯ ಬುಟ್ಟಿಯನ್ನು ನೋಡಿದೆ. ಒಂದು ಚೂರೂ ಇರಲಿಲ್ಲ. ಐವರ ಕಡೆಗೆ ನೋಡಿದೆ. ಐವರಿಗೂ ಆ ಕ್ಷಣದಲ್ಲಿ ತಮ್ಮ ತಮ್ಮ ಹೆಂಚು ಒರೆಸುವ ತುರ್ತು ಉಂಟಾಗಿತ್ತು. ಸುನಂದಾ ಪೆನ್ನು ತೆಗೆದುಕೊಂಡು, 'ಮುರಿದವು' ಎಂಬ ಅಂಕಣದಲ್ಲಿ, ಪಟ್ಟಿ ಇಟ್ಟು ಗೆರೆ ಎಳೆದಷ್ಟೇ ನಿರ್ವಿಕಾರವಾಗಿ, ಇಪ್ಪತ್ತೈದು ಎಂದು ಬರೆದು ವಹಿಯನ್ನು ನನ್ನ ಮುಂದೆ ಸರಿಸಿದರು.

ಕಿಟಕಿಯ ಆಚೆ ಅವರ ಸ್ಕೂಟರು ನಿಂತಿತ್ತು. ಅದರ ಕೊಂಡಿಗೆ ಬಿಳಿ ಬಟ್ಟೆಯಲ್ಲಿ ಕಟ್ಟಿದ, ತಟ್ಟೆಯಂತೆ ದುಂಡಗಿನ ಗಂಟೊಂದು ತೂಗುಬಿದ್ದಿತ್ತು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಲಕ್ಷ್ಮೇಶ್ವರದ ಅತ್ತೆ ಮೊದಲು ಕೇಳಿದ್ದು ಕಡಕ್ ರೊಟ್ಟಿಯನ್ನು ಎಂದು ಹಿಂದಿನ ಭಾನುವಾರ ಯಾರೋ ಮಾತಾಡಿದ್ದು ನನ್ನ ಕಿವಿಗೂ ಬಿದ್ದಿತ್ತು.

ಪರೀಕ್ಷಿಸದೆ ಒಂದು ಲೆಕ್ಕಕ್ಕೂ ನಾನು ಈವರೆಗೆ ಒಪ್ಪಿಗೆ ಕೊಟ್ಟವಳಲ್ಲ. ಕನ್ನಡಕ ಏರಿಸಿಕೊಂಡು, ಆ ಅಂಕಣವನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿ, ರುಜು ಹಾಕಿದೆ. ಸುನಂದಾ ವಹಿ ಮಡಚಿ ಎದ್ದರು. ಬಾಗಿಲವರೆಗೆ ಕಳಿಸಲು ಹೋದೆ.

"ಗಾಡಿ ಸಾವಕಾಶ ಹೊಡೀರಿ ಬಾಯಾರ," ಎಂದೆ. "ಲಕ್ಷ್ಮೇಶ್ವರದ ರಸ್ತಾ ಬರೋಬ್ಬರಿಲ್ಲ. ಮುರಿದೂವು ಮತ್ತ ಮುರಿದಾವು."